ಡಬ್ಬಿಯೊಳಗೆ ಸಿಕ್ಕಿದ ಬಾಣಂತಿ

"ಎಲ್ಲಿಗ್ ಹೋದ್ಯೇ ತಾಯಿ, ಆ ಡಬ್ಬಿ ತಲೆಗ್ ಸಿಗಿಸ್ಕೊಂಡು?"

ಬೀರೂರು ಸ್ಟೇಷನ್ ಹಿಂದಿನ ಬೀದಿಗೆ ಈಗಷ್ಟೇ ಬೆಳಕು ಇಳಿಯುತ್ತಿದೆ. ಹೀಗೆ ತಮ್ಮಷ್ಟಕ್ಕೇ ಕೇಳುತ್ತಿರುವವರು ಹುಲಿಗೆಮ್ಮ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕೊಬ್ಬರಿ ಎಣ್ಣೆಯ ಬಾಟಲಿ ಹಿಡಿದು ಸಂದಿ ಸಂದಿ ಇಣುಕುತ್ತಾರೆ. ಮರಿ ಹಾಕಿದ ನಾಯಿಯೊಂದು ನಿನ್ನೆ ಬೆಳಗಿನಿಂದ ಬಿಸ್ಕತ್ತಿನ ಪ್ಲಾಸ್ಟಿಕ್ ಡಬ್ಬಿಯಲ್ಲಿ ತಲೆ ಸಿಕ್ಕಿಸಿಕೊಂಡು ಅಲೆಯುತ್ತಿದೆ. ಅನ್ನವಿಲ್ಲ, ನೀರಿಲ್ಲ. ಇತ್ತ ಮೋರಿಯ ಪಕ್ಕ ಕಣ್ಣು ಬಿಡದ ಮರಿಗಳು. ಹತ್ತಿಯಲ್ಲಿ ಹಾಲು ಅದ್ದಿ ಹಿಂಡಿದರೂ ಬಾಯಿ ತೆರೆಯುತ್ತಿಲ್ಲ. ಇವತ್ತು ತಾಯಿ ಸಿಗಲೇಬೇಕು.

ಹುಲಿಗೆಮ್ಮ ಮಂಡಿಯಲ್ಲಿ ಕೊಬ್ಬರಿ ಆರಿಸುವ ಹೆಂಗಸು. ಮಂಡಿಯ ಕೆಲಸಕ್ಕೆ ಮುಂಚೆ, ಆಮೇಲೆ, ಬೀದಿಯ ಪ್ರಾಣಿಗಳದ್ದೇ ಸಂಸಾರ. ಜೊತೆಗಾರ ಆಟೋ ದೇವರಾಜ. ಕಡೂರಿರಲಿ, ತರೀಕೆರೆ, ಅಜ್ಜಂಪುರವಿರಲಿ, ಫೋನ್ ಬಂದರೆ ಹೊರಟರು. ಅವರದ್ದೊಂದು ಕಟ್ಟುಪಾಡಿದೆ: ವಾಸಿಯಾದ ಪ್ರಾಣಿಯನ್ನು ಎತ್ತಿಕೊಂಡು ಬಂದ ಬೀದಿಗೇ ತಿರುಗಿ ಬಿಡಬೇಕು. ಬೇರೆ ಊರಿನ ನಾಯಿಗಳು ಹೊಸಬರನ್ನು ಹರಿದು ಹಾಕುತ್ತವೆ.

"ನಾಯಮ್ಮ ಅಂತಾರೆ ಕಣ್ರೀ ನನ್ನ. ಅನ್ಲಿ ಬಿಡಿ, ಅಮ್ಮ ಅಂತ ಸೇರಿಸ್ಕೊಂಡೇ ಅಂತಾರಲ್ಲ!" ಎಂದು ಕೇಳಿದವರೆದುರು ಹುಲಿಗೆಮ್ಮ ನಗುತ್ತಾರೆ.

ನಿನ್ನೆ ಎಡವಟ್ಟು ಮಾಡಿದವನು ದೇವರಾಜನೇ. ಬಲೆ ಹಿಡಿದು ಅಟ್ಟಿಸಿಕೊಂಡು ಹೋದ. ಬೆದರಿದ ನಾಯಿ ರೈಲು ಹಳಿಯ ಮೇಲೇ ಓಡಿತು. ಇವತ್ತು ಗೋಡೌನ್ ಪಕ್ಕ ಕಾದು ಕೂತ ಅವನಿಗೆ ಹುಲಿಗೆಮ್ಮ ಮತ್ತೆ ಬೈಯುತ್ತಾರೆ.

"ಉಸಿರಿಗೆ ಮಬ್ಬಾಗಿರೋ ಡಬ್ಬೀಲಿ ಅದಕ್ಕೆ ಕಣ್ ಕಾಣುತ್ತೇನ್ಲೇ? ಈಗ ಕಿವಿ ಒಂದೇ ಅದಕ್ಕೆ ದಿಕ್ಕು!"

"ಆಯ್ತಕ್ಕೋ, ಎಷ್ಟ್ ಸಲ ಬೈತೀಯ?"

ಟಕ್, ಟಕ್. ಗೋಡೌನ್ ಗೋಡೆಗೆ ಡಬ್ಬಿ ಬಡಿಯುವ ಸದ್ದು! ದೇವರಾಜ ಜಿಗಿದೇಳುತ್ತಾನೆ. ಹುಲಿಗೆಮ್ಮ ಅವನ ತೋಳು ಹಿಡಿದು ಕೂರಿಸುತ್ತಾರೆ. ತಾವೂ ನಾಯಿಗೆ ಬೆನ್ನು ಹಾಕಿ ನೆಲದ ಮೇಲೆ ಕೂತು, ತೊಟ್ಟಿಲು ತೂಗುವವರಂತೆ ಜೋಗುಳ ಗುನುಗತೊಡಗುತ್ತಾರೆ. ಟಕ್ ನಿಲ್ಲುತ್ತದೆ. ಮತ್ತೆ ಟಕ್, ಇನ್ನೂ ಹತ್ತಿರ. ದೂರದಲ್ಲಿ ರೈಲು ಕೂಗುತ್ತದೆ. ದೇವರಾಜ ಹಳಿಯ ಕಡೆ ನೋಡುತ್ತಾನೆ. ಜೋಗುಳ ಮಾತ್ರ ತಡವರಿಸುವುದಿಲ್ಲ. ಕೊನೆಗೆ ಡಬ್ಬಿ ಬಂದು ಹುಲಿಗೆಮ್ಮನ ಬೆನ್ನಿಗೇ ಒರಗುತ್ತದೆ.

ಮೆಲ್ಲಗೆ ತಿರುಗಿ, ಕುತ್ತಿಗೆಯ ಸುತ್ತ ಬೆರಳು ತೂರಿಸಿ ಎಣ್ಣೆ ಹನಿಸುತ್ತಾರೆ. ಒಂದು ಕಿವಿ ಮಡಚಿ, ಇನ್ನೊಂದು ಮಡಚಿ, ಡಬ್ಬಿಯನ್ನು ತಿರುವುತ್ತಾರೆ. ಪಟ್!

"ಬಂತು ಕಣಕ್ಕೋ, ಬಂದ್ಬಿಡ್ತು!" ದೇವರಾಜ ಬೀದಿಯಲ್ಲೇ ಕುಣಿಯುತ್ತಾನೆ. ನಾಯಿ ಮುಂದಿಟ್ಟ ಬೋಗುಣಿಯ ನೀರನ್ನೆಲ್ಲ ನೆಕ್ಕಿ, ನೆಟ್ಟಗೆ ಮರಿಗಳ ಹತ್ತಿರ ಓಡಿ ಮೈಚಾಚುತ್ತದೆ. ಬಾಯಿ ತೆರೆಯದಿದ್ದ ಮರಿಗಳು ಚಪ್ಪರಿಸುವ ಸದ್ದು ಕೇಳಿ ಹುಲಿಗೆಮ್ಮ ಕೈಮುಗಿಯುತ್ತಾರೆ.

ಎದುರಿನ ಬೇಕರಿಯ ಲಕ್ಷ್ಮಣಪ್ಪ ಷಟರ್ ಎತ್ತಿದವರು ಹತ್ತಿರ ಬರುತ್ತಾರೆ. "ಪುಣ್ಯದ ಕೆಲ್ಸ ಕಣಮ್ಮ. ಹಂಗೇ ತಾಯಿ ಮರಿ ಎಲ್ಲಾನೂ ಆಟೋಗೆ ತುಂಬ್ಕೊಂಡು ತರೀಕೆರೆ ಕಡೆ ಬಿಟ್ಬಿಡು. ಅಂಗಡಿ ಮುಂದೆ ರಗಳೆ. ಬಾಡಿಗೆ ನಾನ್ ಕೊಡ್ತೀನಿ."

ದೇವರಾಜ ಅಕ್ಕನ ಮುಖ ನೋಡುತ್ತಾನೆ. ಹುಲಿಗೆಮ್ಮ ಎಣ್ಣೆ ಸೋರುವ ಡಬ್ಬಿಯನ್ನು ಲಕ್ಷ್ಮಣಪ್ಪನ ಕೈಗೆ ಇಡುತ್ತಾರೆ. ಅದರ ಮೇಲೆ ಅವರದೇ ಬೇಕರಿಯ ಚೀಟಿ.

"ಆಗಲ್ಲ ಕಣಣ್ಣ. ಇದರ ಮನೆ ಇಲ್ಲೇ."