ಕೊಚ್ಚಿಗೆ ಹೊರಟ ಅಡುಗೆಮನೆ

ಶೇಂಗಾ ಹುರಿಯುವ ವಾಸನೆ ಬಂತೆಂದರೆ ನನಗೆ ಕಾಲು ನೋಯುತ್ತದೆ. ನಗಬ್ಯಾಡ್ರಿ. ನಮ್ಮ ಕಡೆಯವರ ಮನೆಯಲ್ಲಿ ಬುಟ್ಟಿಗಟ್ಟಲೆ ಶೇಂಗಾ ಹುರಿಯಾಕ ಹತ್ತಿದರೆಂದರೆ ಎಲ್ಲಿಗೋ ಹೊರಟರು ಎಂದೇ ಲೆಕ್ಕ. ಹೊರಟರು ಎಂದರೆ ಚಟ್ನಿಪುಡಿ, ಕಡಕ್ ರೊಟ್ಟಿ, ಅವಲಕ್ಕಿ ಎಲ್ಲ ಕಟ್ಟಬೇಕು, ಮನೆಯ ಹೆಂಗಸರು ಒಲೆ ಮುಂದೆ ನಿಂತೇ ಇರಬೇಕು. ಮೊನ್ನೆ ಹಿಮಾಯತ್‌ನಗರದ ನಮ್ಮ ಕೆಳಗಿನ ಮನೆಯಿಂದ ಆ ವಾಸನೆ ಬಂದಾಗ ನಮ್ಮಲ್ಲೂ ಪ್ರವಾಸದ ಮಾತೇ ನಡೆದಿತ್ತು.

ನಮ್ಮ ಮನೆಯವರು ಸರ್ಕಾರಿ ನೌಕರಿಯಿಂದ ನಿವೃತ್ತರಾದ ಮೇಲೆ ಹೊಸ ಹುರುಪಿನಲ್ಲಿದ್ದಾರೆ. ಕೊಚ್ಚಿಗೆ ಹೋಗಿ ಹಳೆಯ ಕೋಟೆಯ ಭಾಗದಲ್ಲಿ ಒಂದು ತಿಂಗಳು ಸುಮ್ಮನೆ ಇರುವುದಂತೆ. ಹಳೆಯ ಓಣಿಗಳಲ್ಲಿ ಅಡ್ಡಾಡುವುದು, ಅಲ್ಲಿಯ ದೊಡ್ಡ ಚೀನಾ ಮೀನುಬಲೆ ನೀರಿನಿಂದ ಏಳುವುದನ್ನೂ ಬೀಳುವುದನ್ನೂ ನೋಡುತ್ತ ದಂಡೆಯಲ್ಲಿ ಕೂಡುವುದು, ಇಷ್ಟೇ ಕಾರ್ಯಕ್ರಮ. ದಿಲ್‌ಸುಖ್‌ನಗರದ ನಾದಿನಿ ಫೋನಿನಲ್ಲಿ ಕೇಳಿ ಗಾಬರಿಯಾದಳು. ಅಲ್ಲಿ ನಮ್ಮವರು ಯಾರದಾರ ಎಂದಳು. ಯಾರೂ ಇಲ್ಲ ಎಂದೆ. ಹಂಗಾರ ಯಾವ ದೇವರ ಹರಕಿ ಎಂದಳು. ಅವಳ ತಪ್ಪಲ್ಲ ಬಿಡ್ರಿ. ದೇವರಾಗಲಿ ಬೀಗರಾಗಲಿ ಇಲ್ಲದ ಊರಿಗೆ ನಮ್ಮ ವಂಶದಲ್ಲಿ ಇಲ್ಲಿಯವರೆಗೆ ಯಾರೂ ರೈಲು ಹತ್ತಿದ್ದಿಲ್ಲ.

ನನ್ನ ಆಸೆ ಮಾತ್ರ ಸಣ್ಣದು. ಆ ಒಂದು ತಿಂಗಳು ನಾನು ಒಲೆ ಮುಂದೆ ನಿಲ್ಲಬಾರದು. ಇದನ್ನು ಬಾಯಿಬಿಟ್ಟು ಹೇಳುವುದು ಹೇಗೆ? ಅತ್ತೆಯೂ ನಮ್ಮ ಜೊತೆ ಬರುವವರು. ಅವರೋ ಹುಟ್ಟಿದಾರಭ್ಯ ಹೊರಗಿನ ಅನ್ನ ಮುಟ್ಟಿದವರಲ್ಲ. ಎಲ್ಲಿ ಹೋದರೂ ನಮ್ಮ ಜೊತೆ ನಮ್ಮ ಅಡುಗೆಮನೆಯೂ ಬರುತ್ತಿತ್ತು.

ಮದುವೆಯಾದ ಹೊಸತರಲ್ಲಿ ಗೋಕರ್ಣಕ್ಕೆ ಹೋಗಿದ್ದೆವು. ಮನೆಯ ಗಂಡಸರೆಲ್ಲ ಬೆಳಗಾಗುತ್ತಲೇ ಸಮುದ್ರಕ್ಕೆ ನಡೆದರು. ನಾನು, ಅತ್ತೆ ಛತ್ರದ ಕೋಣೆಯಲ್ಲಿ ಸ್ಟೋವ್ ಹೊತ್ತಿಸಿ ರೊಟ್ಟಿ ಬಡಿಯುತ್ತ ಕೂತೆವು. ಸಮುದ್ರ ಕೂಗಳತೆಯಲ್ಲೇ ಇತ್ತಂತೆ. ಆ ಸ್ಟೋವಿನ ಭರ್ರೋ ಸದ್ದಿನಲ್ಲಿ ನಮಗೆ ಕೇಳಿಸಿದ್ದರೆ ತಾನೆ! ಉಂಡವರು ಮಲಗಿದರು, ನಾವು ಪಾತ್ರೆ ತಿಕ್ಕಿದೆವು. ಬಸ್ಸಿನ ಹೊತ್ತಾಗುವ ಮುಂಚೆ ಓಡುತ್ತ ದಂಡೆಗೆ ಹೋದಾಗ ಅತ್ತೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ನಿಂತುಬಿಟ್ಟರು. "ಇದು ಇಷ್ಟು ದೊಡ್ಡದೈತಿ ಅಂತ ನನಗ ಯಾರೂ ಹೇಳಲೇ ಇಲ್ಲಲ್ಲ," ಅಂದರು. ಅಷ್ಟರಲ್ಲಿ ಹಿಂದಿನಿಂದ ಯಾರೋ ಕರೆದರು, ತಿರುಗಿ ಹೊರಟೆವು. ಆಮೇಲೆ ಆ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಕೊಚ್ಚಿಯ ವಿಷಯಕ್ಕೆ ಬರುತ್ತೇನೆ. ಇವರು ವಾರಗಟ್ಟಲೆ ಮೊಬೈಲ್ ಉಜ್ಜಿ ಒಂದು ಮನೆ ಹುಡುಕಿದರು. "ಭಾಳ ಛಲೋ ಮನಿ ಐತಿ ನೋಡು," ಎಂದು ಫೋಟೋ ತೋರಿಸಿದರು. ಮೊದಲ ಫೋಟೋ ಅಡುಗೆಮನೆಯದೇ. ಗ್ಯಾಸ್ ಐತಿ, ಕುಕ್ಕರ್ ಐತಿ, ಮಿಕ್ಸರ್ ಐತಿ, ನಿನಗೇನೂ ತ್ರಾಸ ಇಲ್ಲ ಎಂದು ನನಗೆ ಉಪಕಾರ ಮಾಡಿದವರ ಮುಖ ಮಾಡಿದರು. ಅಲ್ಲಿಯ ಮಂದಿ ತಲೆಗೆ ಹಚ್ಚುವ ಎಣ್ಣೆಯಲ್ಲೇ ಪಲ್ಯ ಮಾಡುತ್ತಾರಾದ್ದರಿಂದ ಇಲ್ಲಿಂದಲೇ ಶೇಂಗಾ ಎಣ್ಣೆ ಒಯ್ಯೋಣ ಎಂದೂ ಸೇರಿಸಿದರು. ನನಗೆ ಅಳುವೇ ಬಂತು. ಹೂಂ ಅಂದೆ. ಹೂಂ ಅನ್ನುವುದರಲ್ಲಿ ನಾನು ಮೊದಲಿನಿಂದಲೂ ಗಟ್ಟಿಗಿತ್ತಿ.

ಮೂಲೆಯಲ್ಲಿ ಕೂತು ಬತ್ತಿ ಹೊಸೆಯುತ್ತಿದ್ದ ಅತ್ತೆ ತಲೆ ಎತ್ತಿದರು.

"ಆ ಮನಿ ಬ್ಯಾಡಪಾ. ಅಡಿಗಿಮನಿ ಇಲ್ಲದ್ದು ನೋಡು."

"ಮತ್ತ ಊಟ ಹೆಂಗ, ಅವ್ವಾ? ನೀ ಹೊರಗಿಂದು ಮುಟ್ಟಂಗಿಲ್ಲಲ್ಲ?"

"ಮುಟ್ಟತೀನಿ. ಅಡಿಗಿಮನಿ ಇದ್ದರ ಈಕಿ ಹೋಗಿ ಅದರಾಗ ನಿಂದರತಾಳ. ಅಷ್ಟಕ್ಕ ಕೊಚ್ಚಿ ತನಕ ಯಾಕ ಹೋಗಬೇಕು, ಇಲ್ಲಿ ಒಲಿ ಇಲ್ಲೇನು?"

ಇವರು ನನ್ನ ಮುಖ ನೋಡಿದರು, ನಾನು ಬತ್ತಿಗಳನ್ನು ನೋಡಿದೆ. ಅತ್ತೆ ಮತ್ತೆ ಹೊಸೆಯತೊಡಗಿದರು, ಆ ಮಾತು ಅಲ್ಲಿಗೇ ಮುಗಿಯಿತು. ಆಡಿದ ಮಾತಿಗೆ ಅವರು ವಿವರಣೆ ಕೊಡುವವರಲ್ಲ.

ಅಲ್ಲಿ ಹೋಗಿ ಹೊಟ್ಟೆ ಕೆಟ್ಟರೆ ಎಲ್ಲರಿಗೂ ಪಜೀತಿ, ಇಲ್ಲೇ ರೂಢಿ ಮಾಡಿಕೊಳ್ಳುತ್ತೇನೆ ಎಂದು ಅತ್ತೆಯೇ ಹೊರಟದ್ದರಿಂದ ಇವತ್ತು ಬೆಳಿಗ್ಗೆ ಮೂವರೂ ನಮ್ಮ ಬೀದಿಯ ಟಿಫನ್ ಸೆಂಟರಿಗೆ ಹೋದೆವು. ಅತ್ತೆ ಕುರ್ಚಿಯನ್ನು ಸೆರಗಿನಿಂದ ಒರೆಸಿ ಕೂತರು, ನೀರಿನ ಲೋಟ ಮೂಸಿದರು, ಗೋಡೆ ನೋಡಿದರು. ಎಲ್ಲ ಸಹಿಸಿಕೊಂಡರು. ಮೊದಲ ಪ್ಲೇಟ್ ಇಡ್ಲಿ ಬಂದಾಗ ಹೋಟೆಲಿನವನು ಅದನ್ನು ಇವರ ಮುಂದೆ ಇಟ್ಟ. ನಮ್ಮ ಮನೆಯಲ್ಲೂ ಅದೇ ಪದ್ಧತಿ: ಮೊದಲು ಗಂಡಸರು, ಆಮೇಲೆ ಹಿರಿಯರು, ಕಡೆಗೆ ನಾನು, ಆರಿದ್ದು. ಅತ್ತೆ ಕೈ ಚಾಚಿ ಆ ಪ್ಲೇಟನ್ನು ಮಗನ ಮುಂದಿನಿಂದ ಎಳೆದು ನನ್ನ ಮುಂದೆ ಸರಿಸಿದರು.

"ನೀ ಮೊದಲು ತಿನ್ನವಾ. ಬಿಸಿ ಐತಿ."

ನನಗೆ ಕಣ್ಣು ತುಂಬಿ ಬಂತು. ಚಟ್ನಿ ಖಾರ ಅಂದೆ. ಚಟ್ನಿ ಇನ್ನೂ ಮುಟ್ಟಿರಲಿಲ್ಲ. ನಾನು ಇಡ್ಲಿ ಮುರಿದೆ, ಹಬೆ ಮುಖಕ್ಕೆ ಬಂತು. ತಾಯಿ ಮಗ ಇಬ್ಬರೂ ಖಾಲಿ ಮೇಜಿನ ಮುಂದೆ ಕೈ ಕಟ್ಟಿಕೊಂಡು ಕೂತಿದ್ದರು. ನಾನು ನಿಧಾನವಾಗಿ ತಿಂದೆ.