ಯಾರೂ ಮಲಗಿರದ ಗೋರಿ

ಶೋರ್‌ಕುದುಕ್ ಊರಿಗೆ ಬರುವವರನ್ನು ಮೊದಲು ಎದುರುಗೊಳ್ಳುವುದು ಆಳೆತ್ತರದ ಸಿಮೆಂಟು ಕಲ್ಲಂಗಡಿ. ಆ ಮರಳಿನಲ್ಲಿ ಕಲ್ಲಂಗಡಿ ಎಂದೂ ಬೆಳೆದದ್ದಿಲ್ಲ. ಶಾಲೆಯ ಮುಂದೆ ಕಂಬದ ಮೇಲೊಂದು ಹಳೆಯ ವಿಮಾನ. ಊರು ಮುಗಿಯುವಲ್ಲಿ, ರಸ್ತೆಗೆ ಅಂಟಿಕೊಂಡು, ಸುಣ್ಣಕಲ್ಲಿನ ಗುಮ್ಮಟ. ಕಲ್ಲಂಗಡಿ ಕಂಡು ನಗುವ ಲಾರಿಯವರು ಗುಮ್ಮಟ ಕಂಡೊಡನೆ ನಿಧಾನಿಸುತ್ತಾರೆ; ಸ್ಟೀರಿಂಗ್ ಬಿಟ್ಟು ಸತ್ತವರಿಗಾಗಿ ಪ್ರಾರ್ಥಿಸಿ ಎರಡೂ ಅಂಗೈಯಿಂದ ಮುಖ ಸವರಿಕೊಳ್ಳುತ್ತಾರೆ. ಗೋರಿಯೆದುರು ಹಾಗೆ ಮಾಡದೆ ಹೋಗುವವರು ಆ ಸೀಮೆಯಲ್ಲಿಲ್ಲ.

ಗುಮ್ಮಟದೊಳಗೆ ಇರುವುದು ಒಂದು ಕೈಪಂಪು. ಅದು ಗೊತ್ತಿದ್ದವರಲ್ಲಿ ಬದುಕಿ ಉಳಿದವನು ಮೆಂದಿಬಾಯ್ ಒಬ್ಬನೇ. ಕಟ್ಟಿದವನೂ ಅವನೇ.

ಅವನ ಅಪ್ಪ, ಅಜ್ಜ ಗೋರಿ ಕಟ್ಟಿಯೇ ಬಾಳಿದವರು. ಊರಿಗೆ ಮೊದಲ ಸಿಹಿನೀರು ಕೊಟ್ಟ ಪಂಪಿಗೊಂದು ಸ್ಮಾರಕ ಬೇಕೆಂದು ಊರ ಸಮಿತಿಯವರು ಕೇಳಿದಾಗ ಅವನಿಗೆ ಇಪ್ಪತ್ತೆಂಟು. ಕಲ್ಲು ಮುಟ್ಟಿದರೆ ಕೈಗೆ ಬರುತ್ತಿದ್ದದ್ದು ಗೋರಿಯದೊಂದೇ ಆಕಾರ. ಕೆಲವು ವರ್ಷಕ್ಕೆ ಪಂಪು ಬತ್ತಿತು, ಹಿಡಿ ಕಳುವಾಯಿತು, ಬಾಗಿಲನ್ನು ಕಲ್ಲಿಟ್ಟು ಮುಚ್ಚಿದರು, ಹೆಸರಿನ ತಗಡನ್ನು ಗಾಳಿ ಒಯ್ದಿತು, ಅದರ ನೀರು ಕುಡಿದವರು ಒಬ್ಬೊಬ್ಬರಾಗಿ ತೀರಿಕೊಂಡರು. ಒಂದು ದಿನ ಪರವೂರಿನ ಹೆಂಗಸೊಬ್ಬಳು ಗೋರಿಯೆಂದು ತಿಳಿದು, ಪಕ್ಕದ ಪೊದೆಗೆ ಬಿಳಿ ಬಟ್ಟೆಯ ಚೂರು ಕಟ್ಟಿ ಬೇಡಿಕೊಂಡಳು. ಅಂದೇ ಹೇಳಬೇಕಿತ್ತು. ಹೇಳಲಿಲ್ಲ. ಅವಳ ಹಿಂದೆ ಉಳಿದವರೂ ಬರತೊಡಗಿದರು; ಅಪ್ಪ ಕಟ್ಟಿದ ಯಾವ ಗೋರಿಯ ಮುಂದೆಯೂ ಅಷ್ಟು ಜನ ನಿಂತಿರಲಿಲ್ಲ.

ಅಂದಿನಿಂದ ಅವನಿಗೆ ಕೂತಲ್ಲಿ ಕೂರಲಾಗದು. ಲಾರಿಯ ಸದ್ದಾದರೆ ಚಹಾ ಅರ್ಧಕ್ಕೇ ಬಿಟ್ಟು ಬಾಗಿಲಿಗೆ ಬರುವನು. ಕೈಗಳು ಮೇಲೇಳುವುದನ್ನು ನೋಡುವನು. ಎದೆಯಲ್ಲಿ ಹೆಮ್ಮೆಯೂ ತಪ್ಪಿನ ಅಳುಕೂ ಒಟ್ಟಿಗೇ ಕದಲುತ್ತಿದ್ದವು.

ಈಗ ರಸ್ತೆ ಅಗಲವಾಗಬೇಕು. ಕೆಲಸದ ಮೇಲ್ವಿಚಾರಕ ದೌಲೆತ್ ಮನೆಗೇ ಬಂದ.

“ಅಜ್ಜ, ಒಳಗಿರೋರು ಯಾರು? ಗೋರಿ ಆದ್ರೆ ರಸ್ತೇನ ಬಳಸಿ ಒಯ್ತೀನಿ. ಅಲ್ಲಾಂದ್ರೆ ಕೆಡವ್ಬೇಕು. ಊರಿಗೆ ಹಿರಿಯರು ನೀವು, ನೀವು ಹೇಳಿದ್ದೇ ಕೊನೆ.”

ಒಂದು ಹೆಸರು ಹೇಳಿದರೆ ಸಾಕು, ಗುಮ್ಮಟ ಉಳಿಯುತ್ತದೆ. ಮೆಂದಿಬಾಯ್ ಎದ್ದ, ಕೂತ, ಮತ್ತೆ ಎದ್ದ.

“ಕೂತ್ಕೊಂಡು ಹೇಳ್ರೀ,” ಎಂದಳು ಗುಮ್ಮಟದ ಬಾಗಿಲು ಮುಚ್ಚಿದ ಮೇಲೆ ಈ ಊರಿಗೆ ಮದುವೆಯಾಗಿ ಬಂದಿದ್ದ ಹೆಂಡತಿ ಬಾತಿಮಾ, ಹುಳಿ ಒಂಟೆಹಾಲು ಬಗ್ಗಿಸುತ್ತ. “ಕೆಂಡದ ಮೇಲೆ ನಿಂತೋರ ಹಾಗೆ ಯಾಕಾಡ್ತೀರ?”

“ಯಾರೂ ಇಲ್ಲಪ್ಪ,” ಎಂದ ಅವನು. “ಪಂಪಿದೆ.”

ಬಾತಿಮಾ ಪಾತ್ರೆ ಕೆಳಗಿಟ್ಟಳು. “ಮಗಳಿಗೆ ಮಗು ಆಗ್ಲಿ ಅಂತ ಏಳು ಗುರುವಾರ ಬಟ್ಟೆ ಕಟ್ದೆ ಅಲ್ಲಿ. ಪಕ್ಕದಲ್ಲೇ ನಿಂತಿದ್ರಲ್ಲ ನೀವು.”

“ನಿಂತಿದ್ದೆ.”

“ಪಂಪಿನ ಹತ್ರ ಬೇಡ್ಕೊಂಡ್ನ ನಾನು?”

“ಮಗು ಆಯ್ತಲ್ಲ.”

“ಅದು ಬೇರೆ. ನೀವು ಬಾಯ್ಮುಚ್ಕೊಂಡಿರಿ.”

ದೌಲೆತ್ ನಗು ಅಡಗಿಸಲು ಬಟ್ಟಲೊಳಗೆ ಮುಖ ಇಟ್ಟ.

ಕೆಡವುವ ಯಂತ್ರದವನು ಮಾತ್ರ ಗೋರಿಗೆ ಹೆದರಿ ಹತ್ತಿರ ಬರಲೊಲ್ಲೆನೆಂದ. ಕಡೆಗೆ ಮೆಂದಿಬಾಯ್‌ನೇ ಉಳಿ ಹಿಡಿದು ಏರಿದ. ತಾನು ಕೊನೆಗಿಟ್ಟ ಕಲ್ಲನ್ನು ಮೊದಲು ತೆಗೆದ. ಮೂರನೆಯ ದಿನ ಪಂಪು ಹೊರಬಿತ್ತು, ಮೋಟಾಗಿ, ತುಕ್ಕು ಹಿಡಿದು. ಮಾತು ಬಿಟ್ಟಿದ್ದ ಬಾತಿಮಾ ಬಂದು ಅದನ್ನೇ ನೋಡಿದಳು. ಪೊದೆಯಲ್ಲಿದ್ದ ಬಟ್ಟೆಯ ಚೂರುಗಳನ್ನೆಲ್ಲ ಬಿಚ್ಚಿ, ಮಡಿಸಿ, ಮನೆಗೆ ಒಯ್ದಳು.

ಹೊಸ ರಸ್ತೆ ನೆಟ್ಟಗೆ ಹೋಯಿತು. ಮೊದಲ ಲಾರಿ ಆ ಬರಿ ಜಾಗದಲ್ಲೇ ನಿಧಾನಿಸಿತು. ಚಾಲಕ ಮುಖ ಸವರಿಕೊಂಡ. ಮೆಂದಿಬಾಯ್ ಅಡ್ಡ ನಿಂತ.

“ಏನೂ ಇಲ್ಲವಯ್ಯ ಅಲ್ಲಿ. ಇರಲೂ ಇಲ್ಲ.”

“ಗೊತ್ತು ಅಜ್ಜ. ಊರೆಲ್ಲ ಅದೇ ಮಾತು. ಕೈ ಕೇಳ್ಬೇಕಲ್ಲ.”

ಮನೆಗೆ ಬಂದವನ ಮುಂದೆ ಬಾತಿಮಾ ಚಹಾ ಇಟ್ಟಳು. “ಹೇಳಿಯಾಯ್ತು, ಕೆಡವಿಯೂ ಆಯ್ತು. ಇನ್ನಾದ್ರೂ ಕೂತ್ಕೊಳ್ರೀ.”

ಅವನು ಕೂತ. ದೂರದಲ್ಲಿ ಇನ್ನೊಂದು ಲಾರಿಯ ಸದ್ದಾಯಿತು. ಬಟ್ಟಲು ಕೆಳಗಿಟ್ಟ.