ಸೋಮವಾರದ ಕ್ಯಾಸೆಟ್ಟು

ಜೀವರತ್ನಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡದ್ದು ೧೯೯೭ರ ಮಳೆಗಾಲದಲ್ಲಿ. ಆಗ ಅವರಿಗೆ ಅರವತ್ತಾರು. ತಂಬ್ರಹಳ್ಳಿಯ ಸರಕಾರಿ ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದ ಮೇಲೆ ಹಗರಿಬೊಮ್ಮನಹಳ್ಳಿಯಲ್ಲಿ ಎರಡು ಕೋಣೆಯ ಮನೆ ಮಾಡಿಕೊಂಡಿದ್ದರು. ಮದುವೆಯಾಗಿರಲಿಲ್ಲ. ಯಾಕೆ ಎಂದು ಕೇಳುವ ಧೈರ್ಯವನ್ನು ಯಾರೂ ಮಾಡಿರಲಿಲ್ಲ. ಬಳ್ಳಾರಿಯ ಡಾಕ್ಟರು ಸೊಂಟಕ್ಕೆ ಸರಳು ಕೂಡಿಸಿ, ಮೂರು ತಿಂಗಳು ಹಾಸಿಗೆ ಬಿಟ್ಟು ಏಳಬೇಡಿ, ಆಮೇಲೆ ವಾಕರ್ ಹಿಡಿದು ನಡೆಯಬಹುದು ಎಂದು ಹೇಳಿ ಕಳಿಸಿದರು.

ಮೂವತ್ತು ವರ್ಷದಲ್ಲಿ ಒಂದು ಭಾನುವಾರವನ್ನೂ ತಪ್ಪಿಸದ ಹೆಂಗಸು ಅವರು. ಚರ್ಚಿನಲ್ಲಿ ಹಾಡಿಗೆ ರಾಗ ಎತ್ತುತ್ತಿದ್ದವರೂ ಅವರೇ. ಅವರು ಮಲಗಿದ ಮೇಲೆ, ಚರ್ಚು ಗುಡಿಸಿ ಗಂಟೆ ಹೊಡೆಯುವ ಸಮಾಧಾನಪ್ಪನಿಗೆ ಒಂದು ಉಪಾಯ ಹೊಳೆಯಿತು. ಪಾದ್ರಿ ಅಯ್ಯನವರು ಪ್ರಸಂಗ ಮಾಡುವ ಮೇಜಿನ ಮೂಲೆಯಲ್ಲಿ ಟೇಪ್ ರೆಕಾರ್ಡರ್ ಇಟ್ಟು ಇಡೀ ಆರಾಧನೆಯನ್ನು ತುಂಬಿಸಿಕೊಂಡು, ಸೋಮವಾರ ಬೆಳಿಗ್ಗೆ ಕ್ಯಾಸೆಟ್ಟನ್ನು ಅವರ ಮನೆಗೆ ತಂದುಕೊಟ್ಟ. ಜೀವರತ್ನಮ್ಮ ಕೇಳಿದರು. ಅನುಕೂಲವಾಗಿತ್ತು. ಅರ್ಥವಾಗದ ಕಡೆ ಹಿಂದಕ್ಕೆ ತಿರುಗಿಸಿ ಮತ್ತೆ ಕೇಳಬಹುದಿತ್ತು.

ಮೂರು ತಿಂಗಳು ಹೋಗಿ ಆರಾಯಿತು, ಎಂಟಾಯಿತು. ವಾಕರ್ ಹಿಡಿದು ಮನೆಯೊಳಗೆ ಓಡಾಡಿದರು. ಆಟೋದಲ್ಲಿ ಬ್ಯಾಂಕಿಗೆ ಹೋಗಿ ಬಂದರು. ಚರ್ಚಿಗೆ ಮಾತ್ರ ಹೋಗಲಿಲ್ಲ. ಅಯ್ಯನವರಾದ ಸುಂದರರಾಜರು ಒಂದು ದಿನ ಮನೆಗೆ ಬಂದರು. ಬೆಳಿಗ್ಗೆ ಇಲ್ಲಿ, ಮಧ್ಯಾಹ್ನ ಹಡಗಲಿಯಲ್ಲಿ ಆರಾಧನೆ ನಡೆಸಿ ಬಸ್ಸಿನ ಧೂಳಿನಲ್ಲೇ ಅರ್ಧ ಆಯುಷ್ಯ ಕಳೆದ ಮನುಷ್ಯ.

"ಅಕ್ಕಾರ, ಇನ್ನ ಬರಬಹುದಲ್ರಿ? ಬ್ಯಾಂಕಿಗೆ ಹೋಗಿ ಬರ್ತೀರಂತ ಕೇಳಿದೆ."

"ಬ್ಯಾಂಕಿಗೆ ಹೋಗದಿದ್ರ ಪಿಂಚಣಿ ಬರಂಗಿಲ್ರಿ. ದೇವ್ರು ಹಂಗಲ್ಲ. ಆತಗ ನನ್ನ ಸೊಂಟ ಬೇಕೇನ್ರಿ? ಚರ್ಚಿನ್ಯಾಗ ಕುಂತು ತೂಕಡಿಸೋರಿಗಿಂತ ನಾನು ಮನ್ಯಾಗ ಚಂದ ಕೇಳ್ತೀನಿ. ಹೋದ ವಾರ ಪ್ರಸಂಗದಾಗ ಮೂರು ವಿಷಯ ಅಂದ್ರಿ, ಎರಡ ಹೇಳಿದ್ರಿ. ಮೂರನೇದು ಎಲ್ಲಿ ಹೋತು?"

ಅಯ್ಯನವರು ಚಹಾ ಕುಡಿದರು. "ನಿಮ್ಮ ಜೋಡಿ ವಾದ ಮಾಡಾಕ ನನಗ ಆಗಂಗಿಲ್ಲ ಬಿಡ್ರಿ," ಎಂದು ಹಡಗಲಿ ಬಸ್ಸಿಗೆ ಹೊರಟರು. ಬಾಗಿಲಲ್ಲಿ ನಿಂತಿದ್ದ ಸಮಾಧಾನಪ್ಪ ಜೀವರತ್ನಮ್ಮನ ಸೊಂಟದ ಉತ್ತರವನ್ನು ಕೇಳಿಸಿಕೊಂಡು, ತಲೆಯಾಡಿಸಿ, ಊರಿಗೆಲ್ಲ ಹಂಚಿದ. ಅಕ್ಕಾರು ಅಯ್ಯನೋರ ಬಾಯಿ ಮುಚ್ಚಿಸಿದರು ಎಂದು ಅವನಿಗೆ ಹೆಮ್ಮೆ.

ಕ್ಯಾಸೆಟ್ ಕೇಳುತ್ತ ಕೇಳುತ್ತ ಜೀವರತ್ನಮ್ಮನಿಗೆ ಕುಳಿತಲ್ಲೇ ಚರ್ಚಿನ ಮಂದಿಯೆಲ್ಲ ಗುರುತು ಸಿಗತೊಡಗಿದರು. ಪ್ರಾರ್ಥನೆಯ ನಡುವೆ ಗಂಟಲು ಸರಿಮಾಡಿಕೊಳ್ಳುವವನು ಕೆ.ಇ.ಬಿ. ಲೈನ್‌ಮನ್ ಪ್ರಭುದಾಸ. ಎಲ್ಲರೂ ಆಮೆನ್ ಅಂದ ಮೇಲೆ ತಾನೊಬ್ಬಳೇ ಇನ್ನೊಂದು ಆಮೆನ್ ಅನ್ನುವವಳು ಅವನ ಹೆಂಡತಿ ಕರುಣಮ್ಮ. ಇಡೀ ಸಭೆಯಲ್ಲಿ ಕುಟುಂಬ ಎಂಟು, ದೊಡ್ಡವರು ಇಪ್ಪತ್ತೆರಡು. ಬೇಸಿಗೆ ಬರುವಷ್ಟರಲ್ಲಿ ಗಂಟಲು ಸರಿಮಾಡಿಕೊಳ್ಳುವ ಸದ್ದು ಕೇಳದಾಯಿತು. ಆಮೇಲೆ ತಡವಾದ ಆಮೆನ್ ಹೋಯಿತು. ಹಾಡು ತೆಳ್ಳಗಾಯಿತು. ಟಿ.ವಿ. ಮುಂದೆ ಕುಳಿತಿರುತ್ತಾರೆ, ಸೋಮಾರಿಗಳು, ಎಂದು ಜೀವರತ್ನಮ್ಮ ಒಬ್ಬರೇ ಬೈದುಕೊಂಡರು.

ಒಂದು ಸೋಮವಾರ ಅವರ ಟೇಪ್ ರೆಕಾರ್ಡರ್ ಕ್ಯಾಸೆಟ್ಟಿನ ರೀಲನ್ನೇ ಜಗಿದುಹಾಕಿತು. ಸಂತೆ ಬೀದಿಯಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದ ಯೂಸುಫ್ ಸಾಬ್ ಮನೆಗೇ ಬಂದು ಬಿಚ್ಚಿ ಕುಳಿತರು.

"ಈ ರೀಲ್ ಹೋತ್ರಿ. ಚಿಂತಿ ಬ್ಯಾಡ, ನನ್ನ ಅಂಗಡ್ಯಾಗ ಇದರ ಕಾಪಿ ಅದಾವು, ಒಂದು ಕೊಡ್ತೀನಿ."

"ಕಾಪಿ? ಯಾರಿಗೆ ಕಾಪಿ?"

"ನಿಮ್ಮ ಮಂದಿಗೇ ರಿ. ಸಮಾಧಾನಪ್ಪ ಪ್ರತಿ ಸೋಮವಾರ ಮೊದಲು ನನ್ನ ಹತ್ರ ತರ್ತಾನ, ಏಳು ಕಾಪಿ ಮಾಡಿಸ್ಕೊಂಡು ಆಮ್ಯಾಲೆ ನಿಮಗ ಕೊಡ್ತಾನ. ಮನಿಗೊಂದು." ಯೂಸುಫ್ ಸಾಬ್ ಸ್ಕ್ರೂ ಬಿಗಿಯುತ್ತ ನಕ್ಕರು. "ಒಂದ್ ಮಾತು ಕೇಳ್ಲೇನ್ರಿ ಅಕ್ಕಾರ? ನಮ್ಮ ಜುಮ್ಮಾ ನಮಾಜು ಟೇಪಿನ್ಯಾಗ ಕೇಳಿದ್ರ ಮಸೀದಿ ಹಜರತ್ರು ನನ್ನ ಟೇಪಿನ ಜೋಡಿ ಹೊರಗ ಹಾಕ್ತಾರ. ನಿಮ್ಮಲ್ಲಿ ನಡೀತೈತೇನು?"

ಜೀವರತ್ನಮ್ಮನಿಗೆ ಸಿಟ್ಟು ಬಂತು. ಅಂದು ಸಂಜೆ ಪ್ರಭುದಾಸನಿಗೆ ಹೇಳಿ ಕಳಿಸಿದರು. ಅವನು ಬಂದು, ತಂಬ್ರಹಳ್ಳಿ ಶಾಲೆಯಲ್ಲಿ ಭಾಗಾಕಾರ ತಪ್ಪು ಮಾಡಿದ ದಿನ ನಿಂತಂತೆಯೇ ನಿಂತ.

"ನಿನ್ನ ಸೊಂಟಕ್ಕೇನಾಗೇತಿ?"

"ಏನೂ ಆಗಿಲ್ರಿ."

"ದಿನಾ ಕಂಬ ಹತ್ತತಿ. ಚರ್ಚಿನ ನಾಲ್ಕು ಮೆಟ್ಲು ಹತ್ತಾಕ ಆಗಂಗಿಲ್ಲ?"

"ಅಕ್ಕಾರ, ವಾರಪೂರ್ತಿ ಕಂಬದ ಮ್ಯಾಲ ಇರ್ತೀನಿ. ಭಾನುವಾರ ಒಂದಿನ ಕಾಲು ಚಾಚ್ತೀನಿ. ಕ್ಯಾಸೆಟ್ ಹಾಕ್ಕೊಂಡು ಕೇಳ್ತೀವಿ, ಬಿಟ್ಟಿಲ್ಲ. ಮತ್ತ ನೀವ ಅಂದಿರಲ್ರಿ, ದೇವ್ರಿಗೆ ಸೊಂಟ ಬೇಕಿಲ್ಲ ಅಂತ."

"ಅದು ನನಗ ಅಂದಿದ್ದು!"

"ನಿಮ್ಮ ದೇವ್ರು ಬ್ಯಾರೆ, ನಮ್ಮ ದೇವ್ರು ಬ್ಯಾರೇನ್ರಿ?"

ಅವನನ್ನು ಹೊರಡು ಎಂದರು. ಹೋದ ಮೇಲೆ, ಅವನು ಹೇಳಿದ್ದರಲ್ಲಿ ತಪ್ಪೆಲ್ಲಿದೆ ಎಂದು ಹುಡುಕಿದರು. ಸಿಗಲಿಲ್ಲ. ಅದು ಅವರನ್ನು ಇನ್ನಷ್ಟು ಕೆರಳಿಸಿತು.

ಮುಂದಿನ ವಾರದ ಕ್ಯಾಸೆಟ್ಟು, ಸಭೆಯವರೆಲ್ಲ ಒಂದೇ ರೊಟ್ಟಿ ಹಂಚಿಕೊಳ್ಳುವ ಕರ್ತನ ಭೋಜನದ ಭಾನುವಾರದ್ದು. ಹಾಡು ಶುರುವಾಯಿತು. ಎರಡೇ ಧ್ವನಿ, ಒಂದು ಅಯ್ಯನವರದು, ಇನ್ನೊಂದು ಸಮಾಧಾನಪ್ಪನದು. ಒಂದೊಂದು ಒಂದೊಂದು ಶ್ರುತಿಯಲ್ಲಿ. ಎರಡನೆಯ ಚರಣಕ್ಕೆ ನಿಂತೇಹೋಯಿತು. ಪ್ರಸಂಗ ನಾಲ್ಕು ನಿಮಿಷ. ರೊಟ್ಟಿ ಮುರಿದ ಮೇಲೆ "ತಗೋ" ಎಂಬ ಮಾತು, ಒಬ್ಬೊಬ್ಬರಿಗೂ ಹೇಳಬೇಕಾದದ್ದು, ಒಂದೇ ಸಲ ಕೇಳಿತು. ಇಪ್ಪತ್ತೆರಡು ಮಂದಿಗೆ ಮಾಡಿದ ರೊಟ್ಟಿ. ಈ ರೊಟ್ಟಿಯನ್ನು ಯೂಸುಫ್ ಸಾಬ್ ಏಳು ಕಾಪಿ ಮಾಡಲಾರರು ಎಂದು ಜೀವರತ್ನಮ್ಮನಿಗೆ ಹೊಳೆದು ಮೈ ಉರಿಯಿತು. ಸಮಾಧಾನಪ್ಪ ಟೇಪ್ ನಿಲ್ಲಿಸುವುದನ್ನು ಮರೆತಿದ್ದ. ಕುರ್ಚಿ ಎಳೆದ ಸದ್ದು. ಆಮೇಲೆ ಅಯ್ಯನವರ ಮಾತು, ಪ್ರಸಂಗದ ಧ್ವನಿಯಲ್ಲಲ್ಲ:

"ಸಮಾಧಾನಪ್ಪ, ಇದಕ್ಕ ನಾನ ಬೇಕೇನೋ? ಹೋದ ವರ್ಷದ ಕ್ಯಾಸೆಟ್ ಹಂಚಿದ್ರೂ ಅವ್ರಿಗೆ ಗೊತ್ತಾಗಂಗಿಲ್ಲ. ಜೂನಿನಿಂದ ಇಲ್ಲಿ ಆರಾಧನಿ ಬ್ಯಾಡ ಅಂತ ಬಿಷಪ್ಪರಿಗೆ ಕಾಗದ ಬರೀತೀನಿ. ಹಡಗಲಿಗಾದ್ರ ಮಂದಿ ಬರ್ತಾರ."

ಜೀವರತ್ನಮ್ಮ ಅದನ್ನು ಹಿಂದಕ್ಕೆ ತಿರುಗಿಸಿ ಮತ್ತೆ ಕೇಳಲಿಲ್ಲ. ಒಂದೇ ಸಲಕ್ಕೆ ಅರ್ಥವಾಗಿತ್ತು.

ತಾನು ಹೇಳಿದ್ದು ಸುಳ್ಳೆಂದು ಅವರಿಗೆ ಅನ್ನಿಸಲಿಲ್ಲ. ದೇವರಿಗೆ ಯಾರ ಸೊಂಟವೂ ಬೇಕಾಗಿಲ್ಲ, ಅದು ಈಗಲೂ ನಿಜ. ಆದರೆ ಒಬ್ಬರಿಗೆ ಹೊಂದಿದ ಉತ್ತರವನ್ನು ಇಪ್ಪತ್ತೆರಡು ಮಂದಿ ಇಳಿಸಿಕೊಂಡರೆ ಸಭೆ ಅನ್ನುವುದೇ ಉಳಿಯುವುದಿಲ್ಲ. ಇಷ್ಟು ಸರಳ ಗುಣಾಕಾರ ಮೂವತ್ತು ವರ್ಷ ಲೆಕ್ಕ ಕಲಿಸಿದವಳಿಗೆ ತಿಳಿಯಲಿಲ್ಲವಲ್ಲ! ಅದೂ ತಾನು ಆಟೋ ಹತ್ತಿ ಓಡಾಡುವಂತಾಗಿ ಎಷ್ಟೋ ತಿಂಗಳಾದ ಮೇಲೆ.

ಭಾನುವಾರ ಬೆಳಿಗ್ಗೆ ಆಟೋ ಕರೆಸಿದರು. ಅಡುಗೆ ಮಾಡಿಕೊಡುವ ಶಿವಬಸಮ್ಮ, "ಬ್ಯಾಂಕ್ ಇವತ್ತು ಬಂದ್ ರೀ ಅಕ್ಕಾರ," ಎಂದು ಚುಚ್ಚಿದಳು. ಚರ್ಚಿನ ಮೆಟ್ಟಿಲಿಗೆ ವಾಕರ್ ನಿಲ್ಲಲಿಲ್ಲ. ಕುರ್ಚಿಯಲ್ಲಿ ಕೂಡಿಸಿ ಎತ್ತುತ್ತೇನೆ ಎಂದು ಸಮಾಧಾನಪ್ಪ ಆಟೋದವನನ್ನು ಕರೆದ. ಜೀವರತ್ನಮ್ಮ ಒಪ್ಪಲಿಲ್ಲ. ಮೊದಲ ಮೆಟ್ಟಿಲಿಗೆ ಬೆನ್ನು ಮಾಡಿ ಕುಳಿತು, ಕೈ ಊರಿ, ಹಿಂದುಹಿಂದಕ್ಕೆ ಒಂದೊಂದೇ ಮೆಟ್ಟಿಲು ಏರಿದರು. ನೋಡಲು ಚೆನ್ನಾಗಿರಲಿಲ್ಲ. ಮೇಲೆ ಮುಟ್ಟಿದಾಗ ಸೀರೆಯೆಲ್ಲ ಮಣ್ಣು, ಕಣ್ಣಲ್ಲಿ ನೋವಿನ ನೀರು, ಬಾಯಲ್ಲಿ ಬೈಗುಳ.

ಒಳಗೆ ಅಯ್ಯನವರೊಬ್ಬರೇ ಇದ್ದರು. ದಿಗ್ಗನೆ ಎದ್ದು ನಿಂತರು.

"ಕುಂದ್ರಾಕ ಹೇಳೋರು ನೀವ ನಿಂತ್ರ ಹೆಂಗ್ರಿ? ಶುರು ಮಾಡ್ರಿ, ಹೊತ್ತಾತು."

ಹಾಡು ಎತ್ತಿದರು. ಸುಮಾರು ಒಂದು ವರ್ಷದಿಂದ ಹಾಡದ ಗಂಟಲು ಮೇಲಿನ ಸ್ವರದಲ್ಲಿ ಸೀಳಿತು. ಬಿಡದೆ ಮುಗಿಸಿದರು. ಪ್ರಸಂಗಕ್ಕೆ ಮೊದಲು, "ಒಂದ್ ನಿಮಿಷ," ಎಂದು ಅಯ್ಯನವರನ್ನು ತಡೆದು, ತಿರುಗುತ್ತಿದ್ದ ಟೇಪ್ ರೆಕಾರ್ಡರನ್ನು ತಮ್ಮ ಮುಂದೆ ಇಡಿಸಿಕೊಂಡರು. ತರಗತಿಯ ಕೊನೆಯ ಬೆಂಚಿಗೂ ಮುಟ್ಟುವ ಧ್ವನಿಯಲ್ಲಿ ಹೆಸರು ಕರೆದರು.

"ಪ್ರಭುದಾಸ."

ಉತ್ತರಕ್ಕೆ ಬೇಕಾಗುವಷ್ಟು ಹೊತ್ತು ಕಾದರು.

"ಕರುಣಮ್ಮ."

ಕಾದರು. ಹೀಗೆ ಹತ್ತೊಂಬತ್ತು ಹೆಸರು. ಇಪ್ಪತ್ತನೆಯದಕ್ಕೆ ಸಮಾಧಾನಪ್ಪ ಹೆದರಿ "ಅದೀನ್ರಿ" ಎಂದ. ಇಪ್ಪತ್ತೊಂದನೆಯದು ಅಯ್ಯನವರ ಹೆಸರು. ಅವರೂ "ಹೌದ್ರಿ" ಎಂದರು. ಕೊನೆಯದು ತಮ್ಮದೇ. ಅದನ್ನು ಕರೆದು, "ಇವತ್ತ ಬಂದಾಳ," ಎಂದು ಸೇರಿಸಿದರು.

ಸೋಮವಾರ ಯೂಸುಫ್ ಸಾಬ್ ಅಂಗಡಿ ಬಿಟ್ಟು ಬಂದರು. "ಅಕ್ಕಾರ, ಈ ಕ್ಯಾಸೆಟ್ ಖರಾಬ್ ಆಗೈತಿ. ಬರೇ ಹೆಸರು ಅದಾವು, ನಡುವ ಏನೂ ಕೇಳಂಗಿಲ್ಲ. ಅದನ್ನ ಕತ್ತರಿಸಿ ಕಾಪಿ ಮಾಡ್ಲೇನು?"

"ಇದ್ದಂಗ ಮಾಡ್ರಿ. ಒಂದು ಮನಿನೂ ಬಿಡಬ್ಯಾಡ್ರಿ."

ವಾರವೆಲ್ಲ ಊರಿನಲ್ಲಿ ಅಸಮಾಧಾನ. ಮುದುಕಿಗೆ ಸೊಂಟದ ಜೊತೆ ತಲೆಯೂ ಕೆಟ್ಟಿದೆ ಎಂದವರಿದ್ದರು. ಭಾನುವಾರ ಬಂದವರು ಒಂಬತ್ತು ಜನ. ಎಲ್ಲರ ಮುಖವೂ ಗಂಟು. ಮೂರು ಮನೆಯವರು ಆಮೇಲೂ ಬರಲಿಲ್ಲ. ಅವರು ಮನೆಯಲ್ಲೇ ಪ್ರಾರ್ಥನೆ ಮಾಡುತ್ತಾರಂತೆ, ಮಾಡಲಿ. ಅಯ್ಯನವರು ಕಾಗದ ಬರೆಯಲಿಲ್ಲ. ಬರೆಯುವುದಿಲ್ಲ ಎಂದೂ ಹೇಳಲಿಲ್ಲ.

ಆ ಭಾನುವಾರ ಮೆಟ್ಟಿಲ ಬುಡದಲ್ಲಿ ಪ್ರಭುದಾಸ ಮುಖ ಊದಿಸಿಕೊಂಡು ನಿಂತಿದ್ದ. "ಮಂದಿ ಮುಂದ ನನ್ನ ಮಾನ ತಗದ್ರಿ," ಎಂದ. ಜೀವರತ್ನಮ್ಮ ಮತ್ತೆ ಬೆನ್ನು ಮಾಡಿ ಕೂರಲು ಹೊರಟಾಗ ಮಾತ್ರ, ತಡೆಯಲಾರದೆ, ರಟ್ಟೆ ಹಿಡಿದು ಮೇಲೆತ್ತಿದ.

"ಮೆತ್ತಗ ಹಿಡಿಯೋ," ಎಂದು ಜೀವರತ್ನಮ್ಮ ಗದರಿದರು. "ನಾನೇನು ಕೆ.ಇ.ಬಿ. ತಂತೀನ, ಹಂಗ ಜಗ್ಗಾಕ ಹತ್ತೀದಿ?"